ಒಂಬತ್ತನೇ ಮನೆಯ ತುಂಡು ಇಟ್ಟಿಗೆಗಳು

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆಫೀಸಿಗೆ ಒಂದು ಪಾರ್ಸೆಲ್ ಬಂತು. ಚಪ್ಪಲಿ ಪೆಟ್ಟಿಗೆಗಿಂತ ಚಿಕ್ಕದು, ಆದರೆ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮೇಲೆ ಯಾರ ಹೆಸರೂ ಇರಲಿಲ್ಲ. ಕಂಪನಿಯ ವಿಳಾಸದ ಮೇಲ್ಗಡೆ ಇಂಗ್ಲಿಷಿನಲ್ಲಿ, ‘ಒಂಬತ್ತನೇ ಮನೆಯ ನಕ್ಷೆಯನ್ನು ಪರಿಶೀಲಿಸಿದವರಿಗೆ’ ಎಂದಷ್ಟೇ ಇತ್ತು. ಟೇಪು ಕತ್ತರಿಸಿ, ಸುತ್ತಿದ್ದ ಹಳೆಯ ಪೇಪರನ್ನು ಬಿಡಿಸಿದೆ. ಒಳಗೆ ಅರ್ಧ ಇಟ್ಟಿಗೆ. ಕಂದು ಬೆರೆತ ಕೆಂಪು, ಒಂದು ಮೂಲೆಗೆ ಅಂಟಿಕೊಂಡಿದ್ದ ಸುಣ್ಣದ ಗಾರೆ. ಮೂಗಿನ ಹತ್ತಿರ ಹಿಡಿದರೆ ತಣ್ಣಗಿನ ಹಸಿ ಮಣ್ಣಿನ ವಾಸನೆ... ಕುವೈತಿನಲ್ಲಿ ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಸಿಗುವ ವಾಸನೆ.

ಆ ಮನೆಯ ನಕ್ಷೆಯನ್ನು ಬರೆದವಳು ನಾನು. ಪರಿಶೀಲಿಸಿದವರು ಬೇರೆಯವರು. ಅವರು ತೀರಿಕೊಂಡು ಆ ಮಂಗಳವಾರಕ್ಕೆ ಇನ್ನೂರ ಹದಿನಾಲ್ಕು ದಿನಗಳಾಗಿದ್ದವು.

ನಾವೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆವು. ಹುದ್ದೆ ಹಿರಿಯ ಡ್ರಾಫ್ಟ್ಸ್‌ಮನ್. ಕುವೈತ್ ಸಿಟಿಯ ಹಳೆಯ ಸೂಕ್ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಏಳನೇ ಮಹಡಿಯಲ್ಲಿರುವ ನಮ್ಮ ಆಫೀಸು ಬೇರೆ ದೇಶಗಳ ವಾಸ್ತುಶಿಲ್ಪಿಗಳಿಗೆ ಕಟ್ಟಡದ ನಕ್ಷೆ ಬರೆದುಕೊಡುತ್ತದೆ. ಅಲ್ಲಿ ಅವರು ಇಪ್ಪತ್ತೆಂಟು ವರ್ಷ ಕೂತಿದ್ದರು. ಊರು ಮಂಗಳೂರಿನ ಹೊಳೆಬದಿ. ತಂದೆ ಗೋಡೆ ಕಟ್ಟುವ ಮೇಸ್ತ್ರಿಯಂತೆ. ಜರ್ಮನ್ ಪಾದ್ರಿಗಳ ಕಾಲದ ಹೆಂಚಿನ ಕಾರ್ಖಾನೆಯ ಪಕ್ಕದ ಲೈನ್‌ಮನೆಗಳಲ್ಲಿ ಇವರದು ನಾಲ್ಕನೆಯದು. ಯಾವ ನಕ್ಷೆ ಬಂದರೂ ಮೊದಲು ಇಟ್ಟಿಗೆಯ ಮಾತು ತೆಗೆಯುತ್ತಿದ್ದುದರಿಂದ ಅಪ್ಪನ ಹೆಸರು ಮಗನಿಗೆ ಬಂದಿತ್ತು. ‘ನಾನು ಒಂದು ಇಟ್ಟಿಗೆ ಸಹ ಇಟ್ಟವನಲ್ಲ, ಮಾರಾಯ್ತಿ. ಎಲ್ಲ ಕಾಗದದ ಮೇಲೆ’ ಎಂದು ಅವರೇ ಹೇಳಿದ್ದರು. ಯಾಕೆ ಇಡಲಿಲ್ಲ ಎಂದು ನಾನು ಕೇಳಲಿಲ್ಲ.

ನಾನು ಅರಸೀಕೆರೆಯವಳು. ಫಹಾಹೀಲ್‌ನಲ್ಲಿ ಅಕ್ಕ ಭಾವನ ಮನೆಯಲ್ಲಿದ್ದುಕೊಂಡು ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಸೇರಿದಾಗ ನೂರು ದಿನದ ಪ್ರೊಬೇಷನ್. ನೂರನೇ ದಿನ ಮ್ಯಾನೇಜರ್ ಹೂಂ ಎಂದರೆ ಕೆಲಸ ಖಾಯಂ; ಇಲ್ಲವಾದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು, ವಾಪಸ್ ಅರಸೀಕೆರೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಎದ್ದ ಹೊತ್ತು, ಬಸ್ಸು ಹತ್ತಿದ ಹೊತ್ತು, ಆ ದಿನ ಮಾಡಿದ ಕೆಲಸದ ಎಣಿಕೆ. ಹಾಗಾಗಿ ಆ ನೂರು ದಿನಗಳೂ ನನ್ನ ಹತ್ತಿರ ಇವೆ.

ನಲವತ್ತೈದನೇ ದಿನಕ್ಕೆ ಇಂಗ್ಲೆಂಡಿನ ಕೆಲಸ ನನ್ನ ಕೈಗೆ ಬಂತು. ಅಲ್ಲಿನ ಉತ್ತರ ಭಾಗದಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು ಇನ್ನೂರು ವರ್ಷಕ್ಕೂ ಹಿಂದೆ ಕಟ್ಟಿಕೊಂಡ ಒಂದು ಪುಟ್ಟ ಊರಿದೆ. ನಡುವೆ ಪ್ರಾರ್ಥನಾ ಮಂದಿರ, ಗುಂಡುಕಲ್ಲು ಹಾಸಿದ ಬೀದಿ, ಬೀದಿಯುದ್ದಕ್ಕೂ ಒಂದಕ್ಕೊಂದು ಗೋಡೆ ಅಂಟಿಸಿಕೊಂಡ ಇಟ್ಟಿಗೆಯ ಸಾಲುಮನೆಗಳು. ಅದರಲ್ಲಿ ಹತ್ತು ಮನೆಗಳ ಮುಂಭಾಗ ದುರಸ್ತಿಯಾಗಬೇಕಿತ್ತು. ಯಂತ್ರದಲ್ಲಿ ತೆಗೆದ ಅಳತೆ, ಫೋಟೊಗಳು ನಮ್ಮಲ್ಲಿಗೆ ಬಂದಿದ್ದವು. ನಾವು ಒಂದೊಂದು ಇಟ್ಟಿಗೆಯನ್ನೂ ಅದರದೇ ಜಾಗದಲ್ಲಿ ಬರೆಯಬೇಕು. ಕೆಟ್ಟಿರುವ ಇಟ್ಟಿಗೆಯನ್ನು ಅಲ್ಲಿಯವರು ಆ ನಕ್ಷೆಯ ಮೇಲೆಯೇ ಗುರುತಿಸುತ್ತಾರೆ. ಅಲ್ಲಿಯ ಗೋಡೆ ಕೆಲಸದ ಮೇಸ್ತ್ರಿ ಅದನ್ನು ನೋಡಿ ಆ ಇಟ್ಟಿಗೆಯನ್ನು ಗೋಡೆಯಿಂದ ಬಿಡಿಸುತ್ತಾನೆ. ಮೊದಲ ಐದು ಮನೆಗಳನ್ನು ಪಕ್ಕದ ಮೇಜಿನ ಹೈದರಾಬಾದಿನ ಸಹೋದ್ಯೋಗಿ ಆಗಲೇ ಬರೆದು ಮುಗಿಸಿದ್ದರು; ಆರರಿಂದ ಹತ್ತು ನನಗೆ. ಒಂದು ಮನೆಗೆ ಸುಮಾರು ಎರಡು ಸಾವಿರ ಇಟ್ಟಿಗೆ. ದಿನಕ್ಕೆ ನಾನೂರು ಬರೆದರೆ ಭಾನುವಾರದಿಂದ ಗುರುವಾರಕ್ಕೆ ಒಂದು ಮನೆ.

ನಮ್ಮ ಮೇಸ್ತ್ರಿ ಆ ಊರಿನ ಬಗ್ಗೆ ಎಲ್ಲೆಲ್ಲಿಂದಲೋ ಓದಿಕೊಂಡು ಬಂದು ಚಹಾದ ಹೊತ್ತಿಗೆ ಹೇಳುತ್ತಿದ್ದರು. ಮದುವೆಯಾಗದ ಗಂಡಸರಿಗೆ ಒಂದು ದೊಡ್ಡ ಮನೆ, ಮದುವೆಯಾಗದ ಹೆಂಗಸರಿಗೆ ಇನ್ನೊಂದು, ಸಂಸಾರಸ್ಥರಿಗೆ ಈ ಸಾಲು. ದುಡಿಮೆ, ಪ್ರಾರ್ಥನೆ ಎಲ್ಲ ಕೂಡಿ.

‘ಅರೆ ಭಾಯಿ, ಹಾಗಾದ್ರೆ ಮಹ್ಬೂಲದ ನಮ್ಮ ಬಿಲ್ಡಿಂಗೂ ಧರ್ಮದ ಊರೇ. ಆರು ಬ್ಯಾಚುಲರ್ಸು, ಒಂದೇ ಬಾತ್‌ರೂಮು’ ಎಂದರು ಹೈದರಾಬಾದಿನವರು.

‘ನಿಮ್ಮಲ್ಲಿ ಪ್ರಾರ್ಥನೆ ಬಾತ್‌ರೂಮಿನ ಬಾಗಿಲ ಹತ್ರ ನಡಿತದೆ, ಅಷ್ಟೇ ವ್ಯತ್ಯಾಸ’ ಎಂದರು ಮೇಸ್ತ್ರಿ.

ನಗು ನಿಂತ ಮೇಲೆ ಅವರು ಸ್ಮಶಾನದ ಫೋಟೊ ತೋರಿಸಿದರು. ಹುಲ್ಲಿನಲ್ಲಿ ಮಲಗಿಸಿದ ಚಪ್ಪಟೆ ಕಲ್ಲುಗಳು, ಎಲ್ಲವೂ ಒಂದೇ ಅಳತೆಯವು. ‘ದೊಡ್ಡವನ ಕಲ್ಲು, ಸಣ್ಣವನ ಕಲ್ಲು ಅಂತ ಇಲ್ಲ ನೋಡಿ. ಹೆಸರು ಮಾತ್ರ ಬೇರೆ ಬೇರೆ. ಮನೆಗಳೂ ಹಾಗೇ. ದೂರದಿಂದ ಎಲ್ಲ ಒಂದೇ. ಹತ್ರ ಹೋದ್ರೆ ಒಂದರ ಹಾಗೆ ಒಂದಿಲ್ಲ.’ ಆ ಮಾತನ್ನು ನಾನು ದಿನಚರಿಯಲ್ಲಿ ಬರೆದುಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಆರನೇ ಮನೆಯ ವಾರ ನನಗೆ ಜ್ವರ ಬಂತು. ಭಾನುವಾರದಿಂದ ಬುಧವಾರದವರೆಗೆ ಅಕ್ಕನ ಮನೆಯಲ್ಲಿ ಮಲಗಿದ್ದೆ. ಐವತ್ತೆರಡನೇ ದಿನ, ಗುರುವಾರ, ಆಫೀಸಿಗೆ ಹೋದಾಗ ಸಂಜೆಯೊಳಗೆ ಹಾಳೆ ಕೊಡಬೇಕಿತ್ತು. ಪ್ರೊಬೇಷನ್ನಿನಲ್ಲಿರುವವಳು ಸಮಯ ಕೇಳುವುದು ಹೇಗೆ? ಐದನೇ ಮನೆಯೂ ಆರನೇ ಮನೆಯೂ ಅಕ್ಕಪಕ್ಕ ಬಾಗಿಲು ಇಟ್ಟುಕೊಂಡು, ಕನ್ನಡಿಯಲ್ಲಿ ನೋಡಿದ ಹಾಗೆ ಇದ್ದವು. ಹೈದರಾಬಾದಿನವರ ಐದನೇ ಮನೆಯ ಫೈಲು ತೆರೆದೆ, ಪೂರ್ತಿ ಆಯ್ದೆ, ಮಿರರ್ ಆಜ್ಞೆ ಕೊಟ್ಟೆ. ಎರಡು ಸಾವಿರ ಇಟ್ಟಿಗೆ ಒಂದೇ ಉಸಿರಿಗೆ ಮಗುಚಿ ಕೂತವು. ನಮ್ಮ ಕೆಲಸದಲ್ಲಿ ಇದು ದಿನಾ ಮಾಡುವುದೇ. ಹೊಸ ಫ್ಲಾಟುಗಳ ನಕ್ಷೆಗಳೆಲ್ಲ ಹೀಗೆಯೇ ಹುಟ್ಟುತ್ತವೆ. ಆ ದಿನದ ಪುಟದಲ್ಲಿ ಬರೆದೆ: ಬರೆದದ್ದು: ೦. ಕೊಟ್ಟದ್ದು: ಒಂದು ಮನೆ.

ಮೇಸ್ತ್ರಿ ಹಾಳೆಯನ್ನು ಮೇಜಿನ ಮೇಲೆ ಹರಡಿ, ಹೆಬ್ಬೆರಳನ್ನು ಇಟ್ಟಿಗೆ ಸಾಲಿನ ಮೇಲೆ ಬಲಕ್ಕೆ ಎಳೆದುಕೊಂಡು ಹೋದರು. ನಕ್ಷೆಯ ಕಿಟಕಿಯ ಹತ್ತಿರ ಬೆರಳು ನಿಂತಿತು. ಮತ್ತೆ ಎಡಕ್ಕೆ ವಾಪಸ್ ಬಂತು.

‘ಎಂತ ಮಾರಾಯ್ತಿ ಇದು? ಈ ಮನೆ ಕಟ್ಟಿದವ ಎಡಚನಾ?’

ನನಗೆ ಅರ್ಥವಾಗಲಿಲ್ಲ. ಅವರು ಒಂದು ಚೀಟಿಯಲ್ಲಿ ಬರೆದು ತೋರಿಸಿದರು. ಬಲಗೈ ಮೇಸ್ತ್ರಿ ಎಡಗಡೆಯಿಂದ ಸಾಲು ಶುರು ಮಾಡುತ್ತಾನೆ. ಎಡಗೈಯಲ್ಲಿ ಇಟ್ಟಿಗೆ, ಬಲಗೈಯಲ್ಲಿ ಕರಣೆ, ಹೀಗೆ ಬಲಕ್ಕೆ ಸರಿಯುತ್ತಾ ಹೋಗುತ್ತಾನೆ. ಕೊನೆಗೆ ಕಿಟಕಿಯ ಪಕ್ಕ ಪೂರ್ತಿ ಇಟ್ಟಿಗೆಗೆ ಜಾಗ ಸಾಲದೆ ತುಂಡು ಹೊಡೆದು ಕೂರಿಸುತ್ತಾನೆ. ಹಾಗಾಗಿ ಐದೂ ಮನೆಗಳಲ್ಲಿ ತುಂಡುಗಳು ಸಾಲಿನ ಬಲತುದಿಯಲ್ಲಿದ್ದವು. ನನ್ನ ಆರನೇ ಮನೆಯಲ್ಲಿ ಮಾತ್ರ ಎಡತುದಿಯಲ್ಲಿ.

‘ಮನೆಯನ್ನ ಕನ್ನಡಿಯಲ್ಲಿ ನೋಡಬಹುದು. ಕಟ್ಟಿದವನ ಕೈಯನ್ನ ಆಗ್ಲಿಕ್ಕಿಲ್ಲ’ ಎಂದರು. ದನಿ ಏರಿಸಲಿಲ್ಲ. ಆದರೆ ಈಜಿಪ್ಟಿನವರಾದ ನಮ್ಮ ಮ್ಯಾನೇಜರ್ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದರು. ಅವರಿಗೆ ಕನ್ನಡ ಬೇಕಾಗಲಿಲ್ಲ. ಎರಡು ಹಾಳೆ ಅಕ್ಕಪಕ್ಕ ನೋಡಿದರು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ‘ಇನ್ನೊಂದು ಸಲ ಹೀಗಾದರೆ ಖಲಾಸ್’ ಎಂದರು.

ಮುಂದಿನ ವಾರ ಆರನೇ ಮನೆಯನ್ನು ಮೊದಲಿನಿಂದ ಬರೆದೆ. ಸಾವಿರದ ಒಂಬೈನೂರ ನಲವತ್ತು ಇಟ್ಟಿಗೆ. ಐದನೇ ಮನೆಗಿಂತ ಎಂಬತ್ತಮೂರು ಕಡಿಮೆ. ಒಂದು ಕಡೆ ಹಳೆಯ ದೀಪದ ಕಂಬಿ ಕಿತ್ತ ಗಾಯ, ಇನ್ನೊಂದು ಕಡೆ ಯಾವಾಗಲೋ ಸಿಮೆಂಟಿನಲ್ಲಿ ಮೆತ್ತಿದ ತೇಪೆ. ನಾನು ಮಗುಚಿ ಹಾಕಿದ ನಕ್ಷೆಯಲ್ಲಿ ಇವು ಯಾವುವೂ ಇರಲಿಲ್ಲ. ಆ ವಾರ ಮೇಸ್ತ್ರಿ ದಿನಕ್ಕೊಮ್ಮೆ ನನ್ನ ಮೇಜಿಗೆ ಬಂದು ನೋಡಿ ಹೋಗುತ್ತಿದ್ದರು. ಗುರುವಾರ ಮಾತ್ರ ಒಂದು ಕಿತ್ತಳೆ ಇಟ್ಟು ಹೋದರು.

ಏಳು ಮುಗಿಯಿತು, ಎಂಟು ಮುಗಿಯಿತು. ಒಂಬತ್ತನೇ ಮನೆ ಶುರುಮಾಡಿದ ಭಾನುವಾರ ನಾನು ಮೌಸು ಬಿಟ್ಟು ಪರದೆಯ ಹತ್ತಿರಕ್ಕೆ ಬಾಗಿದೆ. ಸಾಲಿನ ಬಲತುದಿಯಲ್ಲಿ ಪೂರ್ತಿ ಇಟ್ಟಿಗೆಗಳೇ. ತುಂಡುಗಳು ಎಡಕ್ಕಿದ್ದವು. ಫೋಟೊ ತಿರುಗುಮುರುಗಾಗಿದೆಯೇ ಎಂದು ಬಾಗಿಲ ಸಂಖ್ಯೆ ನೋಡಿದೆ. ಒಂಬತ್ತು ಸರಿಯಾಗಿಯೇ ಓದುತ್ತಿತ್ತು. ನಾಲ್ಕು ದಿನ ಯಾರಿಗೂ ಹೇಳದೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಎಂಬತ್ತನೇ ದಿನ, ಗುರುವಾರ ಮಧ್ಯಾಹ್ನ, ಹಾಳೆ ಪ್ರಿಂಟಾಗಿ ಹೊರಬಂದಾಗ ಮೊದಲು ಕೈಗೆತ್ತಿಕೊಂಡವರು ಮ್ಯಾನೇಜರ್.

‘ಮತ್ತೆ ಮಿರರ್?’

‘ಇಲ್ಲ ಸರ್. ಮನೆಯೇ ಹಾಗಿದೆ.’

‘ಹತ್ತರಲ್ಲಿ ಒಂದು ಮನೆ ಮಾತ್ರ ಉಲ್ಟಾ? ನನಗೆ ಕಥೆ ಬೇಡ. ಭಾನುವಾರ ಸರಿಯಾದ ಹಾಳೆ ಕೊಡು. ಇದನ್ನು ಇಂಗ್ಲೆಂಡಿನವರು ವಾಪಸ್ ಕಳಿಸಿದರೆ ನಿನ್ನ ಪ್ರೊಬೇಷನ್ನಿಗೆ ನಾನು ಸಹಿ ಹಾಕುವುದಿಲ್ಲ.’

ಸರಿಮಾಡುವುದು ಕಷ್ಟವಿರಲಿಲ್ಲ. ತುಂಡುಗಳನ್ನು ಆಯ್ದು ಬಲಕ್ಕೆ ಸರಿಸಿದರೆ ಅರ್ಧ ದಿನದ ಕೆಲಸ. ಹಾಳೆ ಉಳಿದವುಗಳ ಹಾಗೆ ಕಾಣುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಅಲ್ಲಿ ಇಂಗ್ಲೆಂಡಿನಲ್ಲಿ ಯಾರೋ ಆ ನಕ್ಷೆ ನಂಬಿ, ಇಲ್ಲದ ತುಂಡನ್ನು ಹುಡುಕಿ, ಒಳ್ಳೆಯ ಇಟ್ಟಿಗೆಗೆ ಉಳಿ ಹಾಕುತ್ತಿದ್ದರು. ನಿಜ ಹೇಳಬೇಕೆಂದರೆ, ಆಯ್ಕೆಯ ಗುರುತು ತುಂಡುಗಳ ಮೇಲೆ ಎಳೆದಿದ್ದೆ ಕೂಡ...

ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖದಲ್ಲೂ ಅನುಮಾನವಿತ್ತು. ಅದು ನನಗೆ ಮ್ಯಾನೇಜರ್ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

‘ನೀವು ದಿನಾ ಎಂತದೋ ಬರಿತೀರಲ್ಲ, ಬಸ್ಸಲ್ಲಿ. ಅದ್ರಲ್ಲಿ ಇಟ್ಟಿಗೆ ಲೆಕ್ಕ ಉಂಟಾ?’

‘ಇದೆ ಸರ್.’

‘ತೋರಿಸ್ಲಿಕ್ಕೆ ಆಗ್ತದಾ?’

ದಿನಚರಿಯನ್ನು ನಾನು ಅಕ್ಕನಿಗೂ ತೋರಿಸಿದವಳಲ್ಲ. ಕೊಟ್ಟೆ. ಅವರು ಒಂಬತ್ತನೇ ಮನೆಯ ವಾರವನ್ನು ನೋಡಿದರು: ಮುನ್ನೂರ ಎಂಬತ್ತು, ನಾನೂರ ಹನ್ನೆರಡು, ಮುನ್ನೂರ ತೊಂಬತ್ತೈದು... ಆಮೇಲೆ ಹಿಂದಿನ ಪುಟಗಳನ್ನು ತಿರುವುತ್ತಾ ಹೋಗಿ ಐವತ್ತೆರಡನೇ ದಿನದಲ್ಲಿ ನಿಂತರು. ಬರೆದದ್ದು: ೦. ಕೊಟ್ಟದ್ದು: ಒಂದು ಮನೆ. ಅದನ್ನು ಎರಡು ಸಲ ಓದಿದರು ಅನ್ನಿಸಿತು.

‘ಇದು ಯಾರಿಗೆ ತೋರಿಸ್ಲಿಕ್ಕೆ ಬರ್ದದ್ದು?’

‘ಯಾರಿಗೂ ಇಲ್ಲ.’

ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. ‘ತುಂಡು ಮುಟ್ಬೇಡಿ. ಇದ್ದ ಹಾಗೇ ಇರ್ಲಿ. ನಾಳೆ ನಾಡಿದ್ದು ನಾನು ನೋಡ್ತೇನೆ.’

ನಾಳೆ ನಾಡಿದ್ದು ಶುಕ್ರವಾರ, ಶನಿವಾರ. ಆಫೀಸಿಗೆ ರಜೆ. ಅವರು ಕಟ್ಟಡದ ಕಾವಲಿನವನ ಹತ್ತಿರ ಬೀಗ ತೆಗೆಸಿಕೊಂಡು, ಎಸಿ ಇಲ್ಲದ ಕೋಣೆಯಲ್ಲಿ ಎರಡು ಹಗಲು ಕೂತರೆಂದು ಆಮೇಲೆ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ನಾನು ಹೋದಾಗ ಆಗಲೇ ಇದ್ದರು, ಅದೇ ಅಂಗಿಯಲ್ಲಿ. ಹಾಳೆಯ ಮೇಲೆ ಪ್ರತಿ ತುಂಡಿಗೂ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ. ನೂರ ಹದಿನಾರು ಚುಕ್ಕೆ. ನಾನು ಬರೆದದ್ದೂ ನೂರ ಹದಿನಾರು.

‘ಎಲ್ಲ ಎಡಕ್ಕೇ’ ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ‘ಒಂಬತ್ತು ಮನೆಗೆ ಬಲಗೈಯವ್ರು, ಇದೊಂದಕ್ಕೆ ಇವ. ಇವನನ್ನ ಓಡಿಸ್ಲಿಲ್ಲ ಅವ್ರು. ಒಂದು ಇಡೀ ಮನೆ ಕೊಟ್ಟಿದ್ದಾರೆ ನೋಡಿ.’

ಆಮೇಲೆ ಪೆನ್ನು ತೆಗೆದುಕೊಂಡು, ಹಾಳೆಯ ಕೆಳಗೆ, ಅವರ ಮುದ್ದಾದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಟಿಪ್ಪಣಿ ಬರೆದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಈ ಮನೆಯಲ್ಲಿ ತುಂಡು ಇಟ್ಟಿಗೆಗಳು ಎಡಕ್ಕಿವೆ. ಇದು ನಕ್ಷೆಯ ತಪ್ಪಲ್ಲ. ಕಟ್ಟಿದವರು ಎಡಗೈಯವರಿರಬೇಕು. ದುರಸ್ತಿ ಮಾಡುವಾಗ ದಯವಿಟ್ಟು ಇದನ್ನು ಸರಿಮಾಡಬೇಡಿ.’

ಮ್ಯಾನೇಜರ್ ಓದಿ ಹುಬ್ಬೇರಿಸಿದರು. ‘ಯಾ ಉಸ್ತಾದ್, ಅವರು ಕೇಳಿದ್ದು ನಕ್ಷೆ. ಕಟ್ಟಿದವನ ಜಾತಕ ಕೇಳಿಲ್ಲ.’

‘ಕೇಳಿಲ್ಲ. ಆದ್ರೆ ಬೇಕಾಗ್ತದೆ.’

‘ವಾಪಸ್ ಬಂದರೆ?’

ಮೇಸ್ತ್ರಿ ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ಸಹಿ ಹಾಕಿ ಹಾಳೆಯನ್ನು ಮುಂದಕ್ಕೆ ತಳ್ಳಿದರು. ‘ಬಂದ್ರೆ ನನ್ನ ಮೇಜಿಗೆ ಬರ್ಲಿ. ಈ ಹುಡುಗಿ ಮೇಜಿಗೆ ಅಲ್ಲ.’

ಜೂನಿನಲ್ಲಿ ಅವರ ಇಕಾಮಾ ಮುಗಿಯುತ್ತಿತ್ತು. ಇನ್ನೊಂದು ವರ್ಷ ಇರಬೇಕಾದರೆ ಇದೇ ಮ್ಯಾನೇಜರನ್ನು ಕೇಳಬೇಕಿತ್ತು. ಅದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ‘ಯಲ್ಲಾ, ಕಳಿಸಿ’ ಎಂದು ಮ್ಯಾನೇಜರ್ ಕೋಣೆಗೆ ಹೋದರು.

ಹಾಳೆ ವಾಪಸ್ ಬರಲಿಲ್ಲ. ಹತ್ತನೇ ಮನೆಯ ಹಾಳೆಯನ್ನೂ ಕಳಿಸಿ ಹತ್ತು ದಿನಕ್ಕೆ ಒಂದು ಸಾಲಿನ ಇಮೇಲ್ ಬಂತು, ಹತ್ತೂ ಹಾಳೆ ಒಪ್ಪಿಗೆಯಾಗಿದೆ ಎಂದು. ನೂರನೇ ದಿನ ನನ್ನ ಕಾಗದಕ್ಕೆ ಸಹಿ ಬಿತ್ತು. ಜೂನಿನಲ್ಲಿ ಮೇಸ್ತ್ರಿ ಊರಿಗೆ ಹೋದರು. ಇನ್ನೊಂದು ವರ್ಷ ಕೇಳಿದರೋ, ಕೇಳಿದರೂ ಕೊಡಲಿಲ್ಲವೋ, ಅಥವಾ ಸಾಕೆನ್ನಿಸಿತೋ... ನನ್ನ ದಿನಚರಿಯಲ್ಲಿ ಅದು ಇಲ್ಲ. ಕೊನೆಯ ದಿನ ಡ್ರಾಯರಿನ ಕೀ ನನಗೆ ಕೊಟ್ಟು, ‘ಇಪ್ಪತ್ತೆಂಟು ವರ್ಷ ಆಯ್ತು, ನಾನು ಬರ್ದ ಒಂದು ಕಟ್ಟಡವನ್ನೂ ಮುಟ್ಟಿ ನೋಡಿದ್ದಿಲ್ಲ, ಗೊತ್ತುಂಟಾ?’ ಎಂದು ನಕ್ಕರು. ಮರುದಿನದಿಂದ ಅವರ ಮೇಜಿಗೆ ನಾನು ಬಂದೆ. ಮೌಸು ಕೀಬೋರ್ಡಿನ ಎಡಕ್ಕಿತ್ತು. ಬಲಕ್ಕೆ ನಕ್ಷೆಗಳ ರಾಶಿ ಇರುತ್ತಿದ್ದುದರಿಂದ ಹಾಗೆ ಇಟ್ಟುಕೊಂಡಿದ್ದಾರೆ ಎಂದುಕೊಂಡು, ನನ್ನ ಅನುಕೂಲಕ್ಕೆ ಬಲಕ್ಕೆ ಎತ್ತಿಟ್ಟೆ.

ಊರಿಗೆ ಹೋದ ಐದನೇ ತಿಂಗಳಿಗೆ ಹೃದಯಾಘಾತವೆಂದು ಸುದ್ದಿ ಬಂತು. ಚಹಾದ ಹೊತ್ತಿಗೆ ಯಾರೂ ಚಹಾ ಕುಡಿಯಲಿಲ್ಲ. ಹೈದರಾಬಾದಿನವರು ಅವತ್ತು ಒಂದೂ ತಮಾಷೆ ಮಾಡಲಿಲ್ಲ.

ಮಂಗಳವಾರದ ಪಾರ್ಸೆಲಿನಲ್ಲಿ ಇಟ್ಟಿಗೆಯ ಅಡಿಯಲ್ಲಿ ಒಂದು ಚೀಟಿಯಿತ್ತು, ದೊಡ್ಡ ಅಕ್ಷರಗಳಲ್ಲಿ. ಒಂಬತ್ತನೇ ಮನೆಯನ್ನು ದುರಸ್ತಿ ಮಾಡಿದ ಮೇಸ್ತ್ರಿಯದು. ಕೆಟ್ಟ ಗಾರೆ ತೆಗೆಯುವಾಗ ಹದಿನೇಳು ತುಂಡುಗಳನ್ನು ಬಿಡಿಸಬೇಕಾಯಿತಂತೆ. ಕಡಿದ ಮುಖದ ಮೇಲೆ ಉಳಿಯ ಗೀರುಗಳು ತಾನು ಹೊಡೆಯುವ ಗೀರಿಗೆ ಎದುರು ದಿಕ್ಕಿಗೆ ವಾಲಿದ್ದವಂತೆ. ‘ನಿಮ್ಮ ಟಿಪ್ಪಣಿ ಸರಿ. ಅವನು ಎಡಗೈಯವನೇ. ಹದಿನಾರನ್ನು ಇದ್ದಲ್ಲೇ ಕೂರಿಸಿದ್ದೇನೆ. ಒಂದು ಒಡೆಯಿತು. ಅದು ನಿಮಗೆ.’

ಇಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೀರುಗಳಿದ್ದವು. ಮಳೆ ಓರೆಯಾಗಿ ಹೊಡೆದ ಹಾಗೆ, ಏಳು.

ಮಧ್ಯಾಹ್ನದ ಬಿಡುವಿನಲ್ಲಿ ಅವರ ಹೆಂಡತಿಗೆ ಫೋನು ಮಾಡಿದೆ. ನಾನು ಯಾರೆಂದು ಹೇಳುವ ಮೊದಲೇ, ‘ಇಟ್ಟಿಗೆ ಎಣಿಸುವ ಹುಡುಗಿ ಅಲ್ವಾ?’ ಎಂದರು. ಪಾರ್ಸೆಲ್ಲಿನ ವಿಷಯ ಹೇಳಿದೆ. ಆ ಕಡೆ ಬಾವಿಯ ಪಂಪಿನ ಸದ್ದು ಕೇಳುತ್ತಿತ್ತು.

‘ಅವ ಎಡಚ ಅಂತ ಇವ್ರಿಗೆ ಗೊತ್ತಾಗದೆ ಇರ್ತದಾ ಮಗಾ? ಇವ್ರೇ ಎಡಚ ಅಲ್ವಾ. ಶಾಲೇಲಿ ಹೊಡ್ದು ಹೊಡ್ದು ಬಲಗೈಯಲ್ಲಿ ಬರೆಸಿದ್ದು. ಅಪ್ಪನ ಒಟ್ಟಿಗೆ ಗೋಡೆ ಕೆಲಸಕ್ಕೆ ಹೋಗ್ಬೇಕು ಅಂತ ಭಾರೀ ಆಸೆ ಇತ್ತು. ಅಪ್ಪ ಬಿಡ್ಲಿಲ್ಲ. ಎಡಗೈಯವ ಸಾಲಿನಲ್ಲಿ ನಿಂತ್ರೆ ಪಕ್ಕದವನಿಗೆ ಕೈ ತಾಗ್ತದೆ, ಗೋಡೆ ಹಾಳಾಗ್ತದೆ ಅಂತ. ಹಾಗೆ ನಕ್ಷೆ ಕಲೀಲಿಕ್ಕೆ ಹೋದದ್ದು.’

ನಾನು ಇಟ್ಟಿಗೆಯ ಗೀರುಗಳ ಮೇಲೆ ಬೆರಳಾಡಿಸಿದೆ.

‘ಆ ಮನೆ ವಿಷಯ ಇಲ್ಲಿ ಬಂದ ಮೇಲೂ ಹೇಳ್ತಿದ್ರು. ಯಾರಿಗೋ ಒಂದು ಇಡೀ ಮನೆ ಕೊಟ್ರಂತೆ ಅಲ್ಲಿ... ಅಂತ.’

ಇಟ್ಟಿಗೆಯನ್ನು ಊರಿಗೆ ಕಳಿಸಲೇ ಎಂದು ಕೇಳಿದೆ. ಬೇಡ, ಅವರ ಮೇಜಿನ ಮೇಲೇ ಇರಲಿ ಎಂದರು.

ಆ ಕೋಣೆಯಲ್ಲಿ ನಾನು ಅವರ ಎದುರು ನೂರು ದಿನಕ್ಕೂ ಹೆಚ್ಚು ಕೂತಿದ್ದೆ. ಅವರು ಎಡಗೈಯಲ್ಲಿ ಕಿತ್ತಳೆ ಸುಲಿಯುವುದನ್ನು ನೋಡಿದ್ದೆ, ಎಡಗೈಯಲ್ಲಿ ಚಹಾದ ಲೋಟ ಹಿಡಿಯುವುದನ್ನು ನೋಡಿದ್ದೆ. ಅವರು ಯಾವಾಗ ಬಂದರು, ಎಷ್ಟು ಚುಕ್ಕೆ ಇಟ್ಟರು, ಎಲ್ಲ ಬರೆದಿಟ್ಟಿದ್ದೇನೆ. ಇದೊಂದನ್ನು ಬರೆದುಕೊಂಡಿಲ್ಲ. ಈಗ ಕೇಳಲು ಅವರಿಲ್ಲ.

ಕೀಬೋರ್ಡಿನ ಎಡಕ್ಕೆ, ಮೌಸು ಇದ್ದ ಜಾಗ ಅವತ್ತಿನಿಂದಲೂ ಖಾಲಿ ಇತ್ತು. ಮೇಜಿನ ಬಣ್ಣ ಅಲ್ಲಿ ಅಂಗೈಯಗಲ ಸವೆದಿದೆ. ಇಟ್ಟಿಗೆಯನ್ನು ಅಲ್ಲಿ ಇಟ್ಟೆ, ಗೀರುಗಳು ಮೇಲೆ ಕಾಣುವ ಹಾಗೆ. ಸಂಜೆ ಫಹಾಹೀಲ್ ಬಸ್ಸಿನಲ್ಲಿ ದಿನಚರಿ ತೆಗೆದು ಆ ದಿನದ ಎಣಿಕೆ ಬರೆದೆ.

ಬರೆದದ್ದು: ೦. ಬಂದದ್ದು: ಅರ್ಧ ಇಟ್ಟಿಗೆ.